ಧರ್ಮಾಸ್ಪತ್ರೆಯ ‘ಧರ್ಮ’ ಯಾವುದು?

ನನ್ನ ಅಜ್ಜಿ ಸರ್ಕಾರಿ ಆಸ್ಪತ್ರೆಗೆ ‘ಧರ್ಮಾಸ್ಪತ್ರೆ’ ಎನ್ನುತ್ತಿದ್ದರು. ಅಲ್ಲಿ ಗುಡಿ ಇರಲಿಲ್ಲ, ಪೂಜೆ ಇರಲಿಲ್ಲ. ದುಡ್ಡು ಕೇಳುತ್ತಿರಲಿಲ್ಲ, ಅಷ್ಟೇ. ಬಾಡಿಗೆ ಇಲ್ಲದೆ ಒಂದು ರಾತ್ರಿ ಮಲಗಲು ಜಾಗ ಕೊಟ್ಟರೆ ಅದು ಧರ್ಮಛತ್ರ. ‘ಧರ್ಮಕ್ಕೆ ಕೊಟ್ಟರು’ ಅಂದರೆ ಪುಕ್ಕಟೆ ಕೊಟ್ಟರು. ಬಾಗಿಲಿಗೆ ಬಂದು ಬೇಡುವವರು ‘ಧರ್ಮ ಮಾಡಿ ತಾಯಿ’ ಅನ್ನುತ್ತಿದ್ದರು. ಈಗ ಇದೇ ಪದವನ್ನು ಶಾಲೆಯ ಅರ್ಜಿಯಲ್ಲಿ ನೋಡಿ. ‘ಧರ್ಮ’ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಅಂತ ಬರೆಯುತ್ತೇವೆ. ಅಜ್ಜಿಯ ಬಾಯಲ್ಲಿ ಧರ್ಮ ಅಂದರೆ ಕೊಡುವುದು. ಅರ್ಜಿಯಲ್ಲಿ ಧರ್ಮ ಅಂದರೆ ನೀನು ಯಾರು ಅನ್ನುವುದು.

ಇಲ್ಲಿ ಕೂತಿರುವವರಲ್ಲಿ ತುಂಬ ಜನ ಯಾವುದಾದರೂ ಟ್ರಸ್ಟ್, ಹಾಸ್ಟೆಲ್, ಅನ್ನದಾನ ಸಮಿತಿಯಲ್ಲಿ ಕೆಲಸ ಮಾಡುವವರು. ಈ ಎರಡು ಧರ್ಮಗಳು ನಿಮ್ಮ ಕಚೇರಿಯಲ್ಲಿ ದಿನಾ ಎದುರುಬದುರಾಗುತ್ತವೆ. ಅದರ ಬಗ್ಗೆಯೇ ಇವತ್ತು ನನ್ನ ಮಾತು.

ಒಂದು ಗಾದೆ ನಿಮಗೆಲ್ಲ ಗೊತ್ತು. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ.’ ಬಿಟ್ಟಿ ಬಟ್ಟೆ ಸಿಕ್ಕಿದೆ, ಸುಮ್ನೆ ಉಟ್ಟುಕೊಳ್ಳುವುದು ಬಿಟ್ಟು ಎಷ್ಟು ಉದ್ದ ಇದೆ ಅಂತ ಅಳೆದು ನೋಡಿದರಂತೆ. ತಗೊಳ್ಳುವವರನ್ನು ಬೈಯುವ ಗಾದೆ ಇದು. ಚಿಕ್ಕಂದಿನಿಂದ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಈಗ ನನಗೆ ಈ ಗಾದೆ ಒಪ್ಪಿಗೆಯಿಲ್ಲ. ಮೊಳ ಹಾಕಲಿ. ಹಿತ್ತಿಲಿಗೆ ಹೋಗಿ ಕದ್ದು ಯಾಕೆ, ಪಡಸಾಲೆಯಲ್ಲೇ ಕೂತು ಹಾಕಲಿ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಸ್ವಲ್ಪ ಸುತ್ತು ಹಾಕಿ ಬರಬೇಕು.

ಮೊದಲು ಧರ್ಮ ಸೇವಾಸಂಸ್ಥೆಗಳಿಗೆ ಕೊಟ್ಟದ್ದನ್ನು ನೋಡೋಣ. ಅದು ಸಣ್ಣದಲ್ಲ.

ತುಮಕೂರಿನ ಸಿದ್ಧಗಂಗಾ ಮಠಕ್ಕೆ ನೀವು ಹೋಗಿರುತ್ತೀರಿ. ಸುಮಾರು 10,000 ಮಕ್ಕಳು ಅಲ್ಲೇ ಉಳಿದು, ಉಂಡು, ಓದುತ್ತಾರೆ. ಯಾವ ಜಾತಿ, ಯಾವ ಮತ ಅಂತ ನೋಡದೆ ಸೇರಿಸಿಕೊಳ್ಳುತ್ತಾರೆ. ಇದನ್ನು ಹಣದ ಲೆಕ್ಕದಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ಒಂದು ದಿನ ಹತ್ತು ಸಾವಿರ ಜನಕ್ಕೆ ಊಟ ಹಾಕುವುದು ಕಷ್ಟದ ಕೆಲಸವೇನಲ್ಲ. ಮದುವೆಗಳಲ್ಲಿ ಹಾಕುತ್ತೇವೆ. ನಾಳೆ ಬೆಳಿಗ್ಗೆಯೂ ಒಲೆ ಹಚ್ಚಬೇಕು, ನಾಡಿದ್ದೂ ಹಚ್ಚಬೇಕು, ಹಬ್ಬಕ್ಕೂ ಸಾವಿಗೂ ಹಚ್ಚಬೇಕು. ಕಷ್ಟ ಇರುವುದು ಅಲ್ಲಿ. ಶಿವಕುಮಾರ ಸ್ವಾಮಿಗಳು 1930ರಲ್ಲಿ ಸನ್ಯಾಸ ದೀಕ್ಷೆ ತೆಗೆದುಕೊಂಡರು. 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ಬೆಳಿಗ್ಗೆಯೇ ಅವರ ಉಸಿರು ನಿಂತಿತ್ತು. ಸುದ್ದಿ ಹೊರಗೆ ಬಂದದ್ದು ಮಕ್ಕಳ ಮಧ್ಯಾಹ್ನದ ಊಟ ಆದ ಮೇಲೆ. ನನ್ನ ಸುದ್ದಿ ಕೇಳಿ ಮಕ್ಕಳು ಅನ್ನ ಬಿಟ್ಟು ಏಳಬಾರದು ಅನ್ನುವುದು ಅವರದೇ ಇಚ್ಛೆಯಾಗಿತ್ತು ಅಂತ ಪತ್ರಿಕೆಗಳಲ್ಲಿ ಬಂತು. ಈಗ ರಾಜ್ಯ ಸರ್ಕಾರ ಆ ದಿನವನ್ನು ‘ದಾಸೋಹ ದಿನ’ ಅಂತ ಆಚರಿಸುತ್ತದೆ.

ಆ ಒಲೆಗೆ ಅಕ್ಕಿ, ರಾಗಿ, ಬೇಳೆ ಎಲ್ಲಿಂದ ಬರುತ್ತದೆ? ಸರ್ಕಾರದ ನೆರವೂ ಇದೆ, ದೊಡ್ಡ ದಾನಿಗಳೂ ಇದ್ದಾರೆ. ಆದರೆ ಸುಗ್ಗಿ ಮುಗಿದ ಮೇಲೆ ಮಠಕ್ಕೆ ಅಂತ ಒಂದು ಮೂಟೆ ಎತ್ತಿಡುವ ರೈತನನ್ನು ಮರೆಯಬೇಡಿ. ಅವನು ವರದಿ ಓದಿ ಕೊಡುವುದಿಲ್ಲ. ಅವನಪ್ಪ ಕೊಡುತ್ತಿದ್ದ, ಇವನೂ ಕೊಡುತ್ತಾನೆ. ದಾನಿಗಳನ್ನು ಹುಡುಕಿ ಸುಸ್ತಾದ ಯಾವುದೇ ಸಂಸ್ಥೆಯವರನ್ನು ಕೇಳಿ. ಒಂದು ಸಲ ಕೊಡುವವರು ಸಿಗುತ್ತಾರೆ. ಪ್ರತಿ ವರ್ಷ ಕೇಳದೆಯೇ ಕೊಡುವವರು ಸಿಗುವುದಿಲ್ಲ. ಆ ಅಭ್ಯಾಸವನ್ನು ಹುಟ್ಟಿಸುವ ಶಕ್ತಿ ನಂಬಿಕೆಗೆ ಇದೆ.

ಇಸ್ಲಾಮಿನಲ್ಲಿ ಈ ಅಭ್ಯಾಸಕ್ಕೆ ಲೆಕ್ಕವೇ ಇದೆ. ನಿಸಾಬ್ ಅನ್ನುವ ಮಿತಿಗಿಂತ ಜಾಸ್ತಿ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಅದರಲ್ಲಿ ನೂರಕ್ಕೆ ಎರಡೂವರೆ ಜಕಾತ್ ಕೊಡಬೇಕು. ಮನಸ್ಸು ಬಂದರೆ ಕೊಡುವ ದಾನ ಅಲ್ಲ ಇದು. ಕೊಡಲೇಬೇಕಾದ ಬಾಕಿ. ನನ್ನ ಸ್ನೇಹಿತರೊಬ್ಬರು ರಂಜಾನ್ ಬಂತೆಂದರೆ ಮನೆಯಲ್ಲಿ ಎಲ್ಲರ ಒಡವೆ ತೂಕ ಹಾಕಿಸಿ ಲೆಕ್ಕ ಬರೆಯುತ್ತಾರೆ. ಆ ನೋಟ್‌ಬುಕ್ ನೋಡಿದಾಗ ನನಗೆ ನಿಜಕ್ಕೂ ಗೌರವ ಬಂತು. ಇದರಲ್ಲೊಂದು ಸೂಕ್ಷ್ಮವೂ ಇದೆ. ಜಕಾತ್ ಬಹುಮಟ್ಟಿಗೆ ಮುಸ್ಲಿಂ ಬಡವರಿಗೇ ಸಲ್ಲಬೇಕು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸದಕಾ ಅನ್ನುವ ದಾನವನ್ನು ಯಾರಿಗೆ ಬೇಕಾದರೂ ಕೊಡಬಹುದು. ಅಂದರೆ ಮನೆಯವರಿಗೆ ಒಂದು ಡಬ್ಬಿ, ಊರಿಗೆ ಒಂದು ಡಬ್ಬಿ. ನಮ್ಮ ಜಾತಿಯ ಸಂಘಗಳ ಹಾಸ್ಟೆಲ್‌ಗಳೂ ಇದೇ ಮೊದಲನೇ ಡಬ್ಬಿಯಿಂದ ಹುಟ್ಟಿದವು, ಅಲ್ವಾ? ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಳ್ಳಿ ಹುಡುಗ ಪೇಟೆಗೆ ಓದಲು ಬಂದರೆ ಬೇರೆಯವರ ಮನೆಯಲ್ಲಿ ಊಟ ಹುಟ್ಟುತ್ತಿರಲಿಲ್ಲ. ವಾರಾನ್ನ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ, ಅದು ಕೂಡ ಕೆಲವರಿಗೇ ಸಿಗುತ್ತಿತ್ತು. ಹಾಗಾಗಿ ‘ನಮ್ಮವರಿಗೆ’ ಅಂತ ಕಟ್ಟಿದ್ದನ್ನೆಲ್ಲ ಸಣ್ಣತನ ಅಂತ ತಳ್ಳಿಹಾಕಬೇಡಿ. ಆಗ ಅದು ಬೇಕಿತ್ತು. ಅದೇ ಬೋರ್ಡನ್ನು ನೂರು ವರ್ಷ ಆದ ಮೇಲೂ ಬದಲಿಸದೆ ಇಟ್ಟರೆ ಮಾತ್ರ ನನಗೆ ಬೇಸರ.

ಧರ್ಮ ಕೊಟ್ಟ ಇನ್ನೊಂದು ವಸ್ತು ಮುಟ್ಟುವ ಧೈರ್ಯ. ಮಂಗಳೂರಿನ ಕಂಕನಾಡಿಗೆ ಬನ್ನಿ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ 1880ರಲ್ಲಿ ಅಲ್ಲಿ ಒಂದು ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಆಗ ಕುಷ್ಠಕ್ಕೆ ಗುಣವಾಗುವ ಮದ್ದೇ ಇರಲಿಲ್ಲ. ರೋಗಿಯನ್ನು ಮನೆಯವರೇ ಊರಾಚೆ ಬಿಟ್ಟು ಬರುತ್ತಿದ್ದರು. ಗುಣವಾಗದವರ ಗಾಯ ತೊಳೆಯುತ್ತ ವರ್ಷಗಟ್ಟಲೆ ಇರುವವರು ಯಾರು? ಸಂಬಳಕ್ಕೆ ಅದನ್ನು ಮಾಡುವವರು ಕಡಿಮೆ. ಹಾಗೆ ಉಳಿದವರಿಗೆ ಆ ಗಾಯದಲ್ಲಿ ಬೇರೆ ಏನೋ ಕಂಡಿರಬೇಕು. ಅದು ಏನು ಅಂತ ನಾನು ವಿವರಿಸಲು ಹೋಗುವುದಿಲ್ಲ. ಕೈ ಜೋಡಿಸುತ್ತೇನೆ.

ಇನ್ನು ಧರ್ಮ ಏನು ಕೇಳುತ್ತದೆ ಅನ್ನುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮೂರ ದಾರಿಯಲ್ಲಿ ಬೇಸಿಗೆಗೆ ಅರವಟ್ಟಿಗೆ ಇಡುತ್ತಿದ್ದರು. ತೆಂಗಿನ ಗರಿಯ ಚಪ್ಪರ, ಮಣ್ಣಿನ ಗುಡಾಣ, ನೀರು, ಕೆಲವು ದಿನ ಮಜ್ಜಿಗೆ. ಯಾರು ಬಂದರೂ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಕೆಲವರಿಗೆ ಲೋಟದಲ್ಲಿ ಕೊಡುತ್ತಿದ್ದರು. ಕೆಲವರು ಬಗ್ಗಿ ಬೊಗಸೆ ಒಡ್ಡಬೇಕಿತ್ತು, ಮೇಲಿನಿಂದ ಸುರಿಯುತ್ತಿದ್ದರು. ನೀರು ಒಂದೇ. ಬಾಯಾರಿಕೆಯೂ ಒಂದೇ. ಕೊಟ್ಟವರು ಪುಣ್ಯ ಬಂತು ಅಂತಲೇ ನಂಬಿದ್ದರು, ಅವರು ಕೆಟ್ಟವರಾಗಿರಲಿಲ್ಲ. ಹುಡುಗನಾಗಿದ್ದಾಗ ನನಗೆ ಅದು ತಪ್ಪು ಅಂತಲೂ ಅನ್ನಿಸಲಿಲ್ಲ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ಆ ನೀರಿನಲ್ಲಿ ಅಜ್ಜಿಯ ‘ಧರ್ಮ’ವೂ ಇತ್ತು, ಅರ್ಜಿಯ ‘ಧರ್ಮ’ವೂ ಇತ್ತು.

ಪಂಕ್ತಿ ಅನ್ನುವ ಪದ ತಗೊಳ್ಳಿ. ನಮ್ಮ ಕಡೆ ಪಂಕ್ತಿಭೇದ ಅನ್ನುತ್ತೇವೆ. ಒಂದೇ ಛತ್ರದಲ್ಲಿ ಇವರಿಗೆ ಈ ಸಾಲು, ಅವರಿಗೆ ಆ ಸಾಲು. ಬೀದರ್‌ನ ಗುರುನಾನಕ್ ಝೀರಾ ಸಾಹಿಬ್ ಅನ್ನುವ ಸಿಖ್ಖರ ಗುರುದ್ವಾರಕ್ಕೆ ಹೋದರೆ, ಲಂಗರ್‌ನಲ್ಲಿ, ಅಂದರೆ ಅವರ ಪುಕ್ಕಟೆ ಊಟದ ಮನೆಯಲ್ಲಿ, ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂರುತ್ತಾರೆ. ಅದಕ್ಕೆ ಅವರು ‘ಪಂಗತ್’ ಅನ್ನುತ್ತಾರೆ. ನಮ್ಮ ಪಂಕ್ತಿಯೇ ಅದು. ಅದೇ ಪದ ಒಂದು ಕಡೆ ಬೇರೆ ಮಾಡಲು, ಇನ್ನೊಂದು ಕಡೆ ಸೇರಿಸಲು. ಅಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಚಪ್ಪಲಿ ಹೊರಗೆ ಬಿಡಬೇಕು. ನೀನು ಯಾರು ಅಂತ ಕೇಳುವುದಿಲ್ಲ. ರೊಟ್ಟಿಯನ್ನು ಮಾತ್ರ ಎರಡೂ ಕೈ ಚಾಚಿ ತಗೊಳ್ಳಬೇಕು.

ಕರಾವಳಿಗೆ ವಾಪಸ್ ಬರೋಣ. ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಅವರ ಜಾತಿಯವರು ಹೊರಗೆ ಹಾಕಿದರು. ಮನೆ ಹೋಯಿತು, ಕುಲಕಸುಬು ಹೋಯಿತು. ಅವರಿಗೆ ಕೆಲಸ ಕೊಡಬೇಕಾಯಿತು. ಮಗ್ಗಗಳು ಬಂದವು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಇವತ್ತು ನಾವು ಮಂಗಳೂರು ಹೆಂಚು ಅನ್ನುವುದರ ಬೇರು ಇದು. ನಾಡಿಗೆ ದೊಡ್ಡ ಉಪಕಾರ. ಆದರೆ ಕೆಲಸ ಮತ್ತು ನಂಬಿಕೆ ಹೀಗೆ ಗಂಟು ಬಿದ್ದಾಗ ಇಬ್ಬರಿಗೂ ತೊಂದರೆ. ಹೊರಗಿನವರು ‘ಅಕ್ಕಿಗಾಗಿ ಹೋದರು’ ಅಂತ ಆಡಿಕೊಂಡರು. ಒಳಗೆ ಮನಸಾರೆ ನಂಬಿ ಹೋದವನ ಮೇಲೂ ಆ ಅನುಮಾನ ಅಂಟಿತು. ಅನ್ನಕ್ಕೆ ಷರತ್ತು ಹಾಕಿದರೆ ಅನ್ನದ ಜೊತೆ ನಂಬಿಕೆಯ ಮಾನವೂ ಹೋಗುತ್ತದೆ. ಧರ್ಮವನ್ನು ಪ್ರೀತಿಸುವವರೇ ಈ ಮಾತನ್ನು ಮೊದಲು ಹೇಳಬೇಕು.

ಅದೇ ಊರಿನ ಕುದ್ಮುಲ್ ರಂಗರಾಯರ ಹೆಸರು ನಿಮಗೆ ಗೊತ್ತಿರಬೇಕು. ಸಾರಸ್ವತ ಬ್ರಾಹ್ಮಣರು, ವಕೀಲರು, ಬ್ರಹ್ಮಸಮಾಜ ಅನ್ನುವ ಸುಧಾರಣಾ ಪಂಥದವರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆ ಮುಚ್ಚಿಸಿದಾಗ ಇನ್ನೊಂದು ಕಡೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಬರೀ ಅಕ್ಷರ ಅಲ್ಲ, ಊಟ, ಕಸುಬು, ಮನೆಗೆ ಜಾಗ ಎಲ್ಲ. ನನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಧೂಳು ನನ್ನ ತಲೆಗೆ ತಾಗಬೇಕು ಎನ್ನುವುದು ಅವರ ಆಸೆಯಾಗಿತ್ತು. ಸ್ವಲ್ಪ ಯೋಚನೆ ಮಾಡಿ. ಕೊಟ್ಟವನು ಕೆಳಗೆ ನಿಂತಿದ್ದಾನೆ. ತಗೊಂಡವನು ಮೇಲೆ ಕೂತು ಮುಂದೆ ಹೋಗುತ್ತಿದ್ದಾನೆ. ಅರವಟ್ಟಿಗೆಯ ಚಿತ್ರ ಇಲ್ಲಿ ಪೂರ್ತಿ ತಲೆಕೆಳಗಾಗಿದೆ. ಹಾಗಂತ ರಂಗರಾಯರು ಧರ್ಮವನ್ನು ಬಿಟ್ಟವರಲ್ಲ. ಕೊನೆಗಾಲದಲ್ಲಿ ಸನ್ಯಾಸವನ್ನೇ ತೆಗೆದುಕೊಂಡರು.

ನಾನೇ ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. 2019ರ ಆಗಸ್ಟ್. ಉತ್ತರ ಕರ್ನಾಟಕದಲ್ಲಿ ನೆರೆ. ನಾವು ನಾಲ್ಕು ಜನ ಒಂದು ಹಳ್ಳಿಗೆ ಔಷಧಿ ತಗೊಂಡು ಹೋಗಿದ್ದೆವು. ಅಲ್ಲಿ ಬೇರೊಂದು ಗುಂಪಿನವರು ಲಾರಿ ತುಂಬ ಹೊದಿಕೆ ತಂದಿದ್ದರು. ಒಳ್ಳೆಯ ದಪ್ಪ ಹೊದಿಕೆ. ಕೊಡುವ ಮೊದಲು ತಮ್ಮ ದೇವರ ಜೈಕಾರ ಹಾಕಿಸುತ್ತಿದ್ದರು. ಹೆಚ್ಚಿನವರು ಹಾಕಿದರು. ಒಬ್ಬಾಕೆ ಕಂಕುಳಲ್ಲಿ ಮಗು ಇಟ್ಟುಕೊಂಡು ಸಾಲಿನಲ್ಲಿದ್ದಳು. ಅವಳ ಸರದಿ ಬಂತು. ಅವಳು ಬಾಯಿ ಬಿಡಲಿಲ್ಲ. ‘ಹೇಳವ್ವ, ಒಂದು ಸಲ’ ಅಂದರು. ಅವಳು ಸುಮ್ನೆ ಸಾಲಿನಿಂದ ಹೊರಗೆ ಹೋದಳು. ಅವಳ ಕಾರಣ ಏನಿತ್ತೋ, ನಾನು ಕೇಳಲಿಲ್ಲ. ಮಳೆ ಹನಿಯುತ್ತಿತ್ತು. ಕೊಡುತ್ತಿದ್ದ ಹುಡುಗರೂ ಎರಡು ದಿನ ನಿದ್ದೆಗೆಟ್ಟು ಓಡಾಡಿದವರು, ಅವರ ಶ್ರಮ ಸುಳ್ಳಲ್ಲ. ನಮ್ಮ ಜೊತೆಗಿದ್ದ ನರ್ಸಮ್ಮ ಆಮೇಲೆ ಹೋಗಿ ನಮ್ಮ ವ್ಯಾನಿನಲ್ಲಿದ್ದ ಕಂಬಳಿಯನ್ನು ಅವಳಿಗೆ ಕೊಟ್ಟು ಬಂದರು. ಕೊಡುವುದಕ್ಕೆ ದೇವರು ಕಾರಣವಾಗಲಿ, ತುಂಬ ಸಂತೋಷ. ತಗೊಳ್ಳುವುದಕ್ಕೆ ಷರತ್ತಾಗುವುದು ಬೇಡ ಅಂತ ನಾನು ತೀರ್ಮಾನ ಮಾಡಿದ್ದು ಆ ಸಂಜೆ.

ಆದರೆ ಷರತ್ತು ಯಾವಾಗಲೂ ಹೀಗೆ ಕೂಗಿ ಬರುವುದಿಲ್ಲ. ತಟ್ಟೆಯಲ್ಲಿ ಮೆಲ್ಲಗೆ ಬರುತ್ತದೆ.

ಇಸ್ಕಾನ್ ಬೆಂಗಳೂರಿನ ಭಕ್ತರು ಕಟ್ಟಿದ ಅಕ್ಷಯಪಾತ್ರ 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು. ಇವತ್ತು ಎಷ್ಟೋ ರಾಜ್ಯಗಳಿಗೆ ಹರಡಿದೆ. ಅಡುಗೆಮನೆಯ ಶುಚಿ, ಸಮಯಪಾಲನೆ ಎರಡೂ ಮೆಚ್ಚುವಂಥದ್ದು. ಅವರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಅದು ಅವರ ಆಚಾರ. 2019ರಲ್ಲಿ ಇದು ನಮ್ಮ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಪೌಷ್ಟಿಕಾಂಶ ಸಾಕಷ್ಟಿದೆ ಅಂತ ಒಂದು ಕಡೆಯ ವಾದ. ಮಕ್ಕಳಿಗೆ ರುಚಿಸದೆ ಊಟ ಬಿಡುತ್ತಾರೆ ಅಂತ ಇನ್ನೊಂದು ಕಡೆಯ ವಾದ. ನನ್ನ ಅಭಿಪ್ರಾಯ ಕೇಳಿದರೆ, ಗುಡಿಯ ಪ್ರಸಾದದಲ್ಲಿ ಈರುಳ್ಳಿ ಇಲ್ಲದಿದ್ದರೆ ಯಾರ ತಕರಾರೂ ಇರಬಾರದು. ಶಾಲೆಯ ಬಿಸಿಯೂಟ ಪ್ರಸಾದ ಅಲ್ಲ. ಅದರಲ್ಲಿ ಸರ್ಕಾರದ ಅಕ್ಕಿ, ಸರ್ಕಾರದ ದುಡ್ಡು ಇದೆ. ಅದು ಮಕ್ಕಳ ಪಾಲು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ಆ ಭಾಗದಲ್ಲಿ ಅಪೌಷ್ಟಿಕತೆ ಜಾಸ್ತಿ ಅನ್ನುವುದೇ ಕಾರಣ. ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಒಬ್ಬ ಶಾಲಾ ಹುಡುಗಿ ಎಲ್ಲರೆದುರು ನಿಂತು, ನಮಗೆ ಮೊಟ್ಟೆ ಬೇಕು, ಬೇಡ ಅನ್ನುವುದಕ್ಕೆ ನೀವು ಯಾರು ಅಂತ ಕೇಳಿದಳು. ಕೆಲವರಿಗೆ ಅದು ಉದ್ಧಟತನ ಅನ್ನಿಸಿತು. ನನಗೆ ಆ ಗಾದೆ ನೆನಪಾಯಿತು. ಅವಳು ದಟ್ಟಿಗೆ ಮೊಳ ಹಾಕುತ್ತಿದ್ದಳು, ಹಿತ್ತಿಲಲ್ಲಿ ಅಲ್ಲ, ಬೀದಿಯಲ್ಲಿ. ಮುಂದೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಅಂತಾಯಿತು.

ನಿಜ ಹೇಳಬೇಕೆಂದರೆ, ಹೀಗೆ ಮೊಳ ಹಾಕುವುದು ನಮ್ಮ ಧರ್ಮದ ಕಥೆಗಳಲ್ಲೇ ಇದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನೆನಪು ಮಾಡಿಕೊಳ್ಳಿ. ರಾಯಚೂರು ಕಡೆಯ ಅಮರೇಶ್ವರದಿಂದ ಬಸವಣ್ಣನವರ ಕಲ್ಯಾಣಕ್ಕೆ ಬಂದ ಶರಣ ದಂಪತಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ದಾಸೋಹ. ಒಂದು ದಿನ ಅಕ್ಕಿ ಜಾಸ್ತಿ ಸಿಕ್ಕಿತು, ತಂದ. ಲಕ್ಕಮ್ಮ ಅಳೆದು ನೋಡಿದಳು. ನಮಗೆ ದಿನಕ್ಕೆ ಬೇಕಾದ್ದು ಇಷ್ಟೇ, ಉಳಿದದ್ದನ್ನು ಅಲ್ಲೇ ಹಾಕಿ ಬಾ ಅಂದಳು. ಬಡವಿ ಅವಳು. ಅವಳ ಕೈಯಲ್ಲಿ ಅಳತೆ ಇತ್ತು. ದಾಸೋಹ ಅಂದರೆ ಮೇಲಿನವರು ಕೆಳಗಿನವರಿಗೆ ಹಾಕುವ ಅನ್ನ ಅಂತ ತಿಳಿದವರು ಈ ಕಥೆಯನ್ನು ಇನ್ನೊಂದು ಸಲ ಕೇಳಬೇಕು.

ಕಾನೂನಿನ ಬಗ್ಗೆ ಎರಡೇ ಮಾತು, ಟ್ರಸ್ಟ್ ನೋಂದಣಿ ಮಾಡಿಸುವವರು ಇಲ್ಲಿದ್ದೀರಿ ಅಂತ. ಇಷ್ಟು ವರ್ಷ ನಾವು ನಡೆದುಕೊಂಡು ಬಂದ 1961ರ ಆದಾಯ ತೆರಿಗೆ ಕಾಯ್ದೆ ಒಂದು ಗೆರೆ ಎಳೆದಿತ್ತು. ಧರ್ಮಾರ್ಥ ಟ್ರಸ್ಟ್ ಅಂತ ಮಾಡಿಕೊಂಡು ಒಂದೇ ಮತ ಅಥವಾ ಒಂದೇ ಜಾತಿಯವರಿಗೆ ಅಂತ ಡೀಡ್‌ನಲ್ಲಿ, ಅಂದರೆ ಟ್ರಸ್ಟ್ ಪತ್ರದಲ್ಲಿ, ಬರೆದರೆ ತೆರಿಗೆ ವಿನಾಯಿತಿ ಇರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೆಂಗಸರು, ಮಕ್ಕಳು, ಇವರಿಗೆ ಅಂತ ಬರೆದರೆ ಅಡ್ಡಿಯಿರಲಿಲ್ಲ. ದಾನಿಗಳಿಗೆ 80ಜಿ ಅನ್ನುವ ತೆರಿಗೆ ರಿಯಾಯಿತಿ ಸಿಗುವ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 5ರವರೆಗೆ ಮಾತ್ರ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡಬಹುದಿತ್ತು. ಡೀಡ್ ಬರೆಸುವಾಗ ಹಳೆಯ ನಮೂನೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಒಳ್ಳೆಯ ಲೆಕ್ಕಪರಿಶೋಧಕರನ್ನು ಕೇಳಿ.

ಯಾರೋ ಒಂದು ಚೀಟಿ ಕಳಿಸಿದ್ದಾರೆ. ‘ನಮ್ಮ ಹಾಸ್ಟೆಲ್‌ನಲ್ಲಿ ಸಂಜೆ ಪ್ರಾರ್ಥನೆ ಇದೆ. ಎಲ್ಲ ಮತದ ಮಕ್ಕಳೂ ಇದ್ದಾರೆ. ನಿಲ್ಲಿಸಬೇಕೇ?’ ನಾನು ನಿಲ್ಲಿಸಿ ಅನ್ನುವುದಿಲ್ಲ. ನೂರು ಮಕ್ಕಳು ಅರ್ಧ ಗಂಟೆ ಶಾಂತವಾಗಿ ಒಟ್ಟಿಗೆ ಕೂರುವುದು ಸಣ್ಣ ಲಾಭವಲ್ಲ. ಒಂದನ್ನು ಮಾತ್ರ ಪರೀಕ್ಷೆ ಮಾಡಿ. ಯಾವುದಾದರೂ ಮಗು ಪ್ರಾರ್ಥನೆಗೆ ಬರಲಿಲ್ಲ ಅಂದುಕೊಳ್ಳಿ. ಅದರ ತಟ್ಟೆಗೆ ಅನ್ನ ಬೀಳುತ್ತದೆಯೇ? ಬಡಿಸುವವರ ಮುಖ ಮೊದಲಿನಂತೆಯೇ ಇರುತ್ತದೆಯೇ? ಎರಡನೆಯದನ್ನು ವಾರ್ಡನ್ ಹತ್ತಿರ ಕೇಳಬೇಡಿ, ಮಗುವಿನ ಹತ್ತಿರ ಕೇಳಿ.

ಕೇಳಿದರೆ ಮಕ್ಕಳು ಹೇಳುತ್ತಾರಾ? ಎದುರಿಗೆ ಹೇಳುವುದಿಲ್ಲ. ನಮ್ಮ ಟ್ರಸ್ಟಿನ ಸಣ್ಣ ಹಾಸ್ಟೆಲ್‌ನಲ್ಲಿ ಊಟದ ಮನೆಯ ಬಾಗಿಲಿಗೆ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ ತೂಗುಹಾಕಿದೆವು. ಹೆಸರು ಬರೆಯಬೇಕಾಗಿಲ್ಲ ಅಂದೆವು. ಮೊದಲ ತಿಂಗಳು ಸಾರಿಗೆ ಉಪ್ಪು ಕಡಿಮೆ, ಫ್ಯಾನ್ ತಿರುಗುವುದಿಲ್ಲ, ಇಷ್ಟೇ. ಆಮೇಲೆ ಒಂದು ದಿನ ಯಾರೋ ಒಂದೇ ಸಾಲು ಬರೆದಿದ್ದರು. ‘ಶನಿವಾರ ರಾತ್ರಿ ಹಸಿವಾಗುತ್ತದೆ.’

ಓದಿ ನಾನು ಅಲ್ಲೇ ನಿಂತೆ. ನಮ್ಮ ದೊಡ್ಡ ದಾನಿಯೊಬ್ಬರು ಶನಿವಾರ ಒಪ್ಪೊತ್ತು ಮಾಡುವವರು. ಹಾಸ್ಟೆಲ್ ಶುರುವಾದಾಗ ಅವರ ಮೇಲಿನ ಗೌರವಕ್ಕೆ ಅಂತ ಶನಿವಾರ ರಾತ್ರಿ ಅಡುಗೆ ಬೇಡ, ಅವಲಕ್ಕಿ ಬಾಳೆಹಣ್ಣು ಸಾಕು ಅಂತ ಯಾರೋ ನಿಯಮ ಮಾಡಿದ್ದರು. ಆ ದಾನಿ ಹಾಗೆ ಕೇಳಿರಲೂ ಇಲ್ಲ. ಹನ್ನೊಂದು ವರ್ಷ ಅದು ಹಾಗೇ ನಡೆದಿತ್ತು. ಅದರಲ್ಲಿ ಆರು ವರ್ಷ ಕಾರ್ಯದರ್ಶಿ ನಾನೇ. ಬೆಳೆಯುವ ವಯಸ್ಸಿನ ಹುಡುಗರು, ಶನಿವಾರ ಮಧ್ಯಾಹ್ನ ಎಲ್ಲ ಕಬಡ್ಡಿ ಆಡಿ ಬರುವವರು.

ನೋಟ್‌ಬುಕ್ ತಗೊಂಡು ಆ ಹಿರಿಯರ ಮನೆಗೆ ಹೋದೆ. ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲು ಓದಿದರು. ‘ಉಪವಾಸ ನನ್ನದಪ್ಪ, ಅವರ ಹೊಟ್ಟೆಗೆ ಯಾಕೆ ಕಟ್ಟಿದ್ರಿ?’ ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಕೂಗಿ, ಉಗ್ರಾಣದಲ್ಲಿ ಅಕ್ಕಿ ಎಷ್ಟಿದೆ ನೋಡಿ ಅಂತ ಸೊಸೆಗೆ ಹೇಳಿದರು.

ಆ ಶನಿವಾರ ರಾತ್ರಿ ಅನ್ನ, ಹುರುಳಿಕಾಳು ಸಾರು, ಹಪ್ಪಳ ಮಾಡಿದ್ದರು. ಸಾಲನ್ನು ಬರೆದ ಹುಡುಗ ಯಾರು ಅಂತ ನಾನು ಇವತ್ತಿಗೂ ಹುಡುಕಿಲ್ಲ.